ಕಂಪನಿಯ ಹೆಪ್ಪು

ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ದಾವಣಗೆರೆಯಲ್ಲಿ ನಾಟಕದ ಕಂಪನಿಗಳು ಕ್ಯಾಂಪು ಹಾಕುವುದು ಈ ಕಡೆಯ ಶ್ರೋತೃಗಳಿಗೆ ಹೊಸ ಸುದ್ದಿಯಲ್ಲ. ಅಂಥ ಒಂದು ಥಿಯೇಟರಿನ ಮುಂದೆ ನಿಂತು ನೋಡಿದರೆ ಎರಡು ಬಗೆಯ ಬರವಣಿಗೆ ಕಣ್ಣಿಗೆ ಬೀಳುತ್ತದೆ. ಕಂಪನಿಯ ಹೆಸರು ತಗಡಿನ ಮೇಲೋ ಬಟ್ಟೆಯ ಮೇಲೋ ದಪ್ಪಕ್ಷರದಲ್ಲಿ ಬರೆದದ್ದು; ಅದು ಪರದೆ, ಪೆಟ್ಟಿಗೆಗಳ ಜೊತೆಯಲ್ಲಿ ಊರಿಂದ ಊರಿಗೆ ಪ್ರಯಾಣ ಮಾಡುತ್ತದೆ. ನಟನಟಿಯರ ಹೆಸರು ಕಾಗದದ ಮೇಲೆ ಅಚ್ಚಾಗಿ ಗೋಡೆಗೆ ಅಂಟಿಕೊಂಡದ್ದು. ಒಂದು ಮಳೆ ಹೊಡೆದರೆ ಅದು ಹರಿದುಹೋಗುತ್ತದೆ. ಹೋದ ಜಾತ್ರೆಯಲ್ಲಿ ಕಂಡ ಹೆಸರು ಈ ಜಾತ್ರೆಯಲ್ಲಿ ಇರುವುದಿಲ್ಲ. ಈ ಸಲ ನಾಯಕಿಯಾಗಿದ್ದವರು ಮುಂದಿನ ಸಲ ಎದುರಿನ ಥಿಯೇಟರಿನಲ್ಲಿ ಇದ್ದರೂ ಇದ್ದರು. ಆದರೂ ಬೋರ್ಡು ಅದೇ. ಜನ ಆ ಬೋರ್ಡನ್ನು ನಂಬಿ ಟಿಕೇಟು ಕೊಳ್ಳುತ್ತಾರೆ.

ಈ ನಂಬಿಕೆಗೆ ಆಧಾರವೇನು? ಕಾಗದದ ಮೇಲಿನ ಹೆಸರುಗಳೆಲ್ಲ ಬದಲಾದ ಮೇಲೆಯೂ ಬಣ್ಣದಲ್ಲಿ ಬರೆದ ಹೆಸರು ಅದೇ ವಸ್ತುವನ್ನು ಸೂಚಿಸುತ್ತದೆಯೆ? ಯಾವ ಗಳಿಗೆಯಲ್ಲಿ ಆ ಬೋರ್ಡು ಸುಳ್ಳಾಗುತ್ತದೆ? ಇದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾಟಕದ ವಿಷಯವಾಗಿ ಆಡಿದ ಮಾತು ಶಾಲೆಗೂ ಅಂಗಡಿಗೂ ಮನೆತನಕ್ಕೂ ಅನ್ವಯಿಸಿದರೆ ಅದು ಶ್ರೋತೃಗಳ ಲಾಭ.

ಮೊದಲು ಎರಡು ಶಬ್ದಗಳನ್ನು ನೋಡೋಣ. ಪಾತ್ರ ಎಂದರೆ ನಟನು ವಹಿಸುವ ವೇಷವೂ ಹೌದು, ಅಡುಗೆಮನೆಯ ಪಾತ್ರೆಯೂ ಹೌದು. ಸಂಸ್ಕೃತದಲ್ಲಿ ಎರಡಕ್ಕೂ ಒಂದೇ ಶಬ್ದ. ದುರ್ಯೋಧನನ ಪಾತ್ರ ಎಂಬುದು ಒಂದು ಕೊಳಗ. ಇವತ್ತು ಒಬ್ಬರ ಧ್ವನಿಯನ್ನು ಅದಕ್ಕೆ ತುಂಬುತ್ತೇವೆ, ನಾಳೆ ಇನ್ನೊಬ್ಬರದನ್ನು. ಕಂಪನಿ ಎಂಬುದು ನಮಗೆ ಇಂಗ್ಲಿಷಿನಿಂದ ಬಂದ ಮಾತು. ಅದರ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದರ ಅರ್ಥ ಜೊತೆಯಲ್ಲಿ ರೊಟ್ಟಿ ತಿನ್ನುವವರು ಎಂದು. ನಮ್ಮ ನಾಟಕ ಕಂಪನಿಗಳಿಗೆ ಈ ಅರ್ಥ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ! ಮಾಲೀಕರು, ನಟರು, ಹಾರ್ಮೋನಿಯಂ ಮಾಸ್ಟರು, ತಬಲದವರು, ಪರದೆ ಎಳೆಯುವವರು, ಗೇಟು ಕಾಯುವವರು ಎಲ್ಲರೂ ಕಂಪನಿಯ ಒಲೆಯ ಅನ್ನವನ್ನು ಉಂಡವರು. ಬೋರ್ಡಿಗಿಂತ ಮುಂಚೆ ಕಂಪನಿಯನ್ನು ಕಂಪನಿ ಮಾಡಿದ್ದು ಆ ಪಂಕ್ತಿ.

ಆ ಪಂಕ್ತಿಯಿಂದ ಜನ ಏಳುತ್ತಲೇ ಇರುತ್ತಾರೆ. ಒಬ್ಬರಿಗೆ ಸಂಬಳ ಸಾಲದು. ಇನ್ನೊಬ್ಬರು ತೆಗೆದುಕೊಂಡ ಮುಂಗಡವನ್ನು ಬೇರೆ ಕಂಪನಿಯವರು ತೀರಿಸಿ ಕರೆದುಕೊಂಡು ಹೋಗುತ್ತಾರೆ. ಒಬ್ಬಾಕೆಗೆ ಮದುವೆ, ಒಬ್ಬನಿಗೆ ಕಾಯಿಲೆ. ಇವೆಲ್ಲಕ್ಕಿಂತ ದೊಡ್ಡ ಸೆಳೆತ ಮೊದಲು ಸಿನಿಮಾದ್ದು, ಆಮೇಲೆ ಟೆಲಿವಿಷನ್ನಿನದು. ನೂರು ವರ್ಷ ಬಾಳಿದ ಕಂಪನಿ ಎಂದರೆ ನೂರು ವರ್ಷ ಜನರನ್ನು ಕಳೆದುಕೊಂಡ ಕಂಪನಿ ಎಂದೇ ಅರ್ಥ.

ದೊಡ್ಡ ಉದಾಹರಣೆ ಗುಬ್ಬಿಯದು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ 1884ರಲ್ಲಿ ಹುಟ್ಟಿತು. ಮುಂದೆ ಯಾರ ಹೆಸರಿನಿಂದ ಆ ಕಂಪನಿ ಲೋಕಪ್ರಸಿದ್ಧವಾಯಿತೋ ಆ ವೀರಣ್ಣನವರು ಆಗ ಹುಟ್ಟಿಯೇ ಇರಲಿಲ್ಲ. ಅವರು ಹುಟ್ಟಿದ್ದು 1891ರಲ್ಲಿ. ಚಿಕ್ಕ ಹುಡುಗನಾಗಿ ಕಂಪನಿಗೆ ಸೇರಿ, ಸ್ಥಾಪಕರ ಕಾಲದವರ ಕೈಕೆಳಗೆ ಬೆಳೆದು, ಹಾಸ್ಯನಟರಾಗಿ ಹೆಸರಾಗಿ, 1917ರಲ್ಲಿ ಅದರ ಒಡೆಯರಾದರು. ಹುಡುಗನಾಗಿ ಕಾಲಿಟ್ಟದ್ದಕ್ಕೂ ಒಡೆಯನಾದದ್ದಕ್ಕೂ ನಡುವೆ ಸುಮಾರು ಇಪ್ಪತ್ತು ವರ್ಷಗಳ ಅಂತರ. ಆ ಇಪ್ಪತ್ತು ವರ್ಷ ಹಳಬರೂ ಹೊಸಬರೂ ಒಂದೇ ರಂಗದ ಮೇಲೆ ನಿಂತಿದ್ದರು. ಈ ಸಂಗತಿಯನ್ನು ಶ್ರೋತೃಗಳು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಅದೇ ಕಂಪನಿಯಿಂದ ಹೊರಗೆ ಹೋದವರ ಪಟ್ಟಿಯನ್ನು ನೋಡಿದರೆ ಯಾವ ಮಾಲೀಕನಿಗಾದರೂ ಎದೆ ಕುಸಿಯಬೇಕು. 1954ರಲ್ಲಿ ತೆರೆಕಂಡ ಬೇಡರ ಕಣ್ಣಪ್ಪ ಚಿತ್ರ ಒಂದರಲ್ಲಿಯೇ ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಈ ಮೂವರೂ ಇದ್ದಾರೆ. ಮೂವರೂ ಗುಬ್ಬಿ ಕಂಪನಿಯ ಅನ್ನ ಉಂಡವರು. ಬಾಲಕೃಷ್ಣ ಅವರೂ ಅಲ್ಲಿಂದಲೇ ಹೋದವರು. ಆ ಚಿತ್ರದ ನಿರ್ಮಾಣದಲ್ಲಿ ವೀರಣ್ಣನವರ ಕೈಯೂ ಇದ್ದಿತು. ತನ್ನ ಬಳ್ಳಿಯ ಕುಡಿಯನ್ನು ತಾನೇ ಕಿತ್ತು ಬೇರೆ ಪಾತಿಯಲ್ಲಿ ನೆಟ್ಟ ಹಾಗೆ.

ಗುಬ್ಬಿಯ ಮಾತು ಇಷ್ಟಿರಲಿ. ನಮ್ಮ ಊರಿಗೇ ಬರೋಣ. ದಾವಣಗೆರೆಯಲ್ಲಿ ಕೆ. ಬಿ. ಆರ್. ಡ್ರಾಮಾ ಕಂಪನಿ ಎಂದರೆ ಮಕ್ಕಳಿಗೂ ಗೊತ್ತು. ಈ ನಾಟಕ ಸಂಘವನ್ನು ಕಟ್ಟಿದವರು ಚಿಂದೋಡಿ ವೀರಪ್ಪನವರು. ವೀರಪ್ಪನವರ ಮಗಳು ಚಿಂದೋಡಿ ಲೀಲಾ ಎಳೆಯ ವಯಸ್ಸಿನಲ್ಲಿಯೇ ಬಣ್ಣ ಹಚ್ಚಿದರು. ತಂದೆಯ ಕಂಪನಿಯಲ್ಲಿ ಪಾತ್ರ ಮಾಡುತ್ತ ಮಾಡುತ್ತ ಅದನ್ನು ನಡೆಸುವವರೂ ಆದರು. ಪೊಲೀಸನ ಮಗಳು ಎಂಬ ನಾಟಕ ಅವರ ಹೆಸರಿಗೆ ಅಂಟಿಕೊಂಡುಬಿಟ್ಟಿತು. 1988ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. 1995ರಲ್ಲಿ ಅವರು ನಿರ್ಮಿಸಿದ, ಅದೇ ಮನೆತನದ ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ, ಪಂಚಾಕ್ಷರ ಗವಾಯಿಗಳ ಜೀವನವನ್ನು ಕುರಿತ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಗಳೂ ದೊರೆತವು. ಲೀಲಾ ಅವರು 2010ರಲ್ಲಿ ತೀರಿಕೊಂಡರು. ಈ ಕಥೆಯಲ್ಲಿಯೂ ಗುಬ್ಬಿಯ ಗುರುತೇ ಕಾಣುತ್ತದೆ. ಮಗಳು ಯಜಮಾನಿಕೆಯ ಕುರ್ಚಿಗೆ ನೇರವಾಗಿ ಬಂದು ಕುಳಿತವರಲ್ಲ. ಮೊದಲು ಹಳಬರ ಜೊತೆ ಬಣ್ಣ ಹಚ್ಚಿ ನಿಂತವರು.

ನಾಟಕಕ್ಕೂ ದಾವಣಗೆರೆಗೂ ಇರುವ ನಂಟು ದೋಸೆಯವರೆಗೂ ಹೋಗುತ್ತದೆ. ಈ ಊರಿನ ಬೆಣ್ಣೆದೋಸೆಯ ಕಥೆಯನ್ನು ಹೇಳುವವರು, 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ಸಾವಳಗಿ ನಾಟಕ ಥಿಯೇಟರಿನ ಮುಂದೆ ದೋಸೆ ಮಾರಲು ಕುಳಿತಳು ಎಂದು ಆರಂಭಿಸುತ್ತಾರೆ. ಮೊದಮೊದಲು ಅದು ರಾಗಿ ಹಿಟ್ಟಿನ ದೋಸೆಯಂತೆ. ಅಕ್ಕಿ ಬಂದದ್ದೂ ಬೆಣ್ಣೆ ಬಂದದ್ದೂ ಆಮೇಲೆ, ಮಕ್ಕಳ ಕಾಲಕ್ಕೆ. ಹಿಟ್ಟು ಬದಲಾಯಿತು, ಕಾವಲಿ ಬದಲಾಯಿತು, ಹುಯ್ಯುವ ಕೈ ಬದಲಾಯಿತು. ದೋಸೆ ದಾವಣಗೆರೆಯದಾಗಿಯೇ ಉಳಿಯಿತು. ತಾಯಿಯ ಪಕ್ಕದಲ್ಲಿ ಕುಳಿತು ಕಲಿತ ಮಕ್ಕಳು ಇದ್ದರು ಎಂಬುದೇ ಇದರ ರಹಸ್ಯ.

ಈ ಪ್ರಶ್ನೆ ಮುದುಕರ ಹಳಹಳಿಕೆ ಮಾತ್ರ ಎಂದು ತಿಳಿಯಬೇಡಿ. ಪಾಠದ ನಡುವೆ ಪ್ರೌಢಶಾಲೆಯ ಹುಡುಗನೊಬ್ಬ ಇದನ್ನೇ ಬೇರೆ ರೂಪದಲ್ಲಿ ನನ್ನ ಮುಂದೆ ಇಟ್ಟ. "ಸಾರ್, ಒಂದು ಬ್ಯಾಂಡಿನಲ್ಲಿ ಇದ್ದವರೆಲ್ಲ ಬಿಟ್ಟುಹೋದರೂ ಅದನ್ನು ಅದೇ ಬ್ಯಾಂಡು ಅನ್ನಬಹುದಾ?" ಎಂದು ಕೇಳಿದ. ಅವನು ಕೇಳುವ ಸಂಗೀತಕ್ಕೆ ಡೆತ್ ಮೆಟಲ್ ಎಂದು ಹೆಸರು. ಗಂಟಲಿನ ಬುಡದಿಂದ ಗುಡುಗುವ ಹಾಡಿಕೆ, ಕಿವಿ ಗಡಚಿಕ್ಕುವ ಗಿಟಾರು, ಉಸಿರಿಗೆ ಎಡೆಗೊಡದ ಡ್ರಮ್ಮು. ಸಾವು, ನೋವು, ಭಯ ಇವೇ ಅದರ ವಸ್ತು. ನವರಸಗಳಲ್ಲಿ ರೌದ್ರ, ಭಯಾನಕ, ಬೀಭತ್ಸಗಳಿಗೂ ಸ್ಥಾನ ಕೊಟ್ಟ ನಾಡಿನವರು ಇದನ್ನು ಕೇಳಿ ಮೂರ್ಛೆ ಹೋಗಬೇಕಾದದ್ದಿಲ್ಲ. ಹುಡುಗನ ಪ್ರಶ್ನೆ ಒಳ್ಳೆಯದು. ಅವನು ಕೊಟ್ಟ ಉದಾಹರಣೆಗಳು ಇನ್ನೂ ಒಳ್ಳೆಯವು. ಅವನು ಹೆಸರಿಸಿದ ಬ್ಯಾಂಡುಗಳ ಚರಿತ್ರೆಯನ್ನು ತಿಳಿದುಕೊಂಡೆ. ಎರಡನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದರ ಹೆಸರೇ ಡೆತ್. ಅಮೆರಿಕದ ಫ್ಲಾರಿಡಾದಲ್ಲಿ ಚಕ್ ಶುಲ್ಡಿನರ್ ಎಂಬ ಹದಿಹರೆಯದವನು 1983ರಲ್ಲಿ ಬೇರೊಂದು ಹೆಸರಿನಲ್ಲಿ ಕಟ್ಟಿ, ಮರುವರ್ಷ ಈ ಹೆಸರಿಟ್ಟ ತಂಡ ಇದು. ಈ ಬಗೆಯ ಸಂಗೀತದ ಜನಕರಲ್ಲಿ ಇವನೊಬ್ಬ ಎಂದು ಬಲ್ಲವರು ಹೇಳುತ್ತಾರೆ. 1987ರಿಂದ 1998ರ ವರೆಗೆ ಏಳು ಆಲ್ಬಮ್‌ಗಳನ್ನು ಹೊರತಂದರು. ಆಲ್ಬಮ್ಮಿನಿಂದ ಆಲ್ಬಮ್ಮಿಗೆ ಜೊತೆಗಾರರು ಬದಲಾಗುತ್ತಿದ್ದರು. ಉದ್ದಕ್ಕೂ ನಿಂತವನು ಶುಲ್ಡಿನರ್ ಒಬ್ಬನೇ. ಬರೆಯುವವನು, ಹಾಡುವವನು, ಗಿಟಾರು ನುಡಿಸುವವನು ಎಲ್ಲ ಅವನೇ. 2001ರ ಡಿಸೆಂಬರಿನಲ್ಲಿ, ಮೂವತ್ತನಾಲ್ಕು ವರ್ಷದವನಾಗಿದ್ದಾಗ, ಮೆದುಳಿನ ಗಡ್ಡೆಯಿಂದ ಅವನು ತೀರಿಕೊಂಡ. ಅವನೊಂದಿಗೆ ತಂಡವೂ ಮುಗಿಯಿತು. ಅವನ ಹಳೆಯ ಜೊತೆಗಾರರು ಆ ಹಾಡುಗಳನ್ನು ಅವನ ನೆನಪಿಗಾಗಿ ನುಡಿಸಿದ್ದುಂಟು. ಆದರೆ ಡೆತ್ ತಂಡದ ಹೊಸ ಆಲ್ಬಮ್ಮು ಮತ್ತೆ ಬರಲಿಲ್ಲ.

ಎರಡನೆಯದು ಇಂಗ್ಲೆಂಡಿನದು, ಹೆಸರು ನೇಪಾಮ್ ಡೆತ್. ಡೆತ್ ಮೆಟಲ್ಲಿಗೆ ಸೋದರ ಸಂಬಂಧಿಯಾದ ಇನ್ನೂ ವೇಗದ ಸಂಗೀತ ಇವರದು. 1981ರಲ್ಲಿ ಬರ್ಮಿಂಗ್‌ಹ್ಯಾಮ್ ಸಮೀಪದ ಮೆರಿಡನ್ ಎಂಬ ಹಳ್ಳಿಯಲ್ಲಿ ಇದು ಹುಟ್ಟಿತು. 1987ರಲ್ಲಿ ಬಂದ ಇವರ ಮೊದಲನೆಯ ಆಲ್ಬಮ್ ಒಂದು ಕೌತುಕ. ಗ್ರಾಮಾಫೋನ್ ತಟ್ಟೆಗೆ ಎರಡು ಮಗ್ಗುಲು ಇರುತ್ತವೆಯಷ್ಟೆ. ಮೊದಲ ಮಗ್ಗುಲಿನಲ್ಲಿ ನುಡಿಸಿದವರು ಒಂದು ಗುಂಪು, ಎರಡನೆಯ ಮಗ್ಗುಲಿನಲ್ಲಿ ನುಡಿಸಿದವರು ಇನ್ನೊಂದು ಗುಂಪು! ಎರಡರಲ್ಲೂ ಇದ್ದವನು ಡ್ರಮ್ಮು ಬಾರಿಸುವ ಮಿಕ್ ಹ್ಯಾರಿಸ್ ಒಬ್ಬನೇ. ಸ್ಥಾಪಕನಾದ ನಿಕ್ ಬುಲೆನ್ ಅದೇ ಸುಮಾರಿಗೆ ಹೊರಟುಹೋದ. ಶೇನ್ ಎಂಬುರಿ ಎಂಬಾತ 1987ರಲ್ಲಿ ಸೇರಿದ. ಹ್ಯಾರಿಸ್ 1991ರಲ್ಲಿ ಬಿಟ್ಟ. ಸ್ಥಾಪಕರಲ್ಲಿ ಒಬ್ಬರೂ ಉಳಿಯಲಿಲ್ಲ. ತಂಡ ಮಾತ್ರ ಉಳಿಯಿತು.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಸ್ಥಾಪಕನನ್ನು ಕೊನೆಯವರೆಗೂ ಉಳಿಸಿಕೊಂಡ ತಂಡ ಅಳಿಯಿತು. ಸ್ಥಾಪಕರೆಲ್ಲರನ್ನೂ ಕಳೆದುಕೊಂಡ ತಂಡ ಉಳಿಯಿತು. ಇದು ಹೇಗೆ? ಎರಡನೆಯ ತಂಡದಲ್ಲಿ ಬುಲೆನ್ ಜೊತೆಯಲ್ಲಿ ನುಡಿಸಿದ ಹ್ಯಾರಿಸ್ ಇದ್ದ. ಹ್ಯಾರಿಸ್ ಜೊತೆಯಲ್ಲಿ ನಾಲ್ಕು ವರ್ಷ ನುಡಿಸಿದ ಎಂಬುರಿ ಇದ್ದ. ಸ್ಥಾಪಕನಿಗೂ ಎಂಬುರಿಗೂ ನಡುವೆ ಒಂದು ಕೈ ಇದ್ದಿತು. ಹಳಬ ಹೋಗುವ ಮುನ್ನ ಹೊಸಬ ಬಂದಿದ್ದ. ಮೊದಲನೆಯ ತಂಡದಲ್ಲಿ ಎಷ್ಟು ಜನ ಬಂದರೂ ಅವರೆಲ್ಲ ಒಬ್ಬನ ಸುತ್ತ ಬಂದವರು. ಬರುವವರಿಗೂ ಹೋಗುವವರಿಗೂ ಅವನೊಬ್ಬನೇ ಸೇತುವೆ. ಸೇತುವೆ ಮುರಿದ ಮೇಲೆ ಈ ದಡದವರು ಆ ದಡಕ್ಕೆ ಹೋಗುವ ದಾರಿ ಇಲ್ಲ.

ಇಷ್ಟು ಹೇಳಿದ ಮೇಲೆ ಮನೆಯಲ್ಲಿ ರೇಡಿಯೋ ಮುಂದೆ ಕುಳಿತಿರುವ ತಾಯಂದಿರಿಗೆ ನನ್ನ ಅಭಿಪ್ರಾಯ ಹೊಳೆದಿರಬೇಕು. ಅವರು ದಿನವೂ ಮಾಡುವ ಕೆಲಸವೇ ಇದು. ಇವತ್ತಿನ ಹಾಲು ನಿನ್ನೆಯ ಹಾಲಲ್ಲ. ಗಡಿಗೆ ತೊಳೆದದ್ದು. ಆದರೂ ನಾಳೆ ಬೆಳಗಿನ ಮೊಸರು ನಮ್ಮ ಮನೆಯ ಮೊಸರೇ ಆಗಿರುತ್ತದೆ. ಏಕೆಂದರೆ ನಿನ್ನೆಯದರಲ್ಲಿ ಒಂದು ಚಮಚ ಉಳಿಸಿ ಹೆಪ್ಪು ಹಾಕಿದ್ದಾರೆ. ಹೆಪ್ಪು ಎಷ್ಟು ಎಂಬುದು ಮುಖ್ಯವಲ್ಲ. ಹಾಲು ಸೇರಿಗಟ್ಟಲೆ ಇರಬಹುದು, ಹೆಪ್ಪು ಒಂದು ಚಮಚ. ಆದರೆ ಅದು ಹಳೆಯ ಗಡಿಗೆ ಬರಿದಾಗುವ ಮೊದಲೇ ಹೊಸ ಹಾಲಿಗೆ ಬೀಳಬೇಕು. ಬರಿದಾದ ಮೇಲೆ ನೆನಪಾದರೆ ನೆರೆಮನೆಗೆ ಬಟ್ಟಲು ಹಿಡಿದು ಹೋಗಬೇಕಾಗುತ್ತದೆ.

ಕಂಪನಿಯ ಬಾಳೂ ಹೀಗೆಯೇ. ನಟರು ಬಿಟ್ಟುಹೋದದ್ದರಿಂದ ಯಾವ ಕಂಪನಿಯೂ ಸಾಯುವುದಿಲ್ಲ. ಹೋಗುವವರು ಬರುವವರ ಜೊತೆಯಲ್ಲಿ ಒಂದಷ್ಟು ಕಾಲ ಇರದೆ ಹೋದರೆ ಸಾಯುತ್ತದೆ.

ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ಈ ಹೆಪ್ಪಿನ ವಿದ್ಯೆಯನ್ನು ಶಾಸ್ತ್ರದಂತೆ ಕಟ್ಟಿಕೊಂಡಿದ್ದವು. ಅಲ್ಲಿ ಪತ್ತನಾಜೆಯ ದಿನ ತಿರುಗಾಟ ಮುಗಿಯುತ್ತದೆ. ಮುಂದಿನ ತಿರುಗಾಟಕ್ಕೆ ಕೆಲವು ಕಲಾವಿದರು ಮೇಳ ಬದಲಿಸುತ್ತಾರೆ. ವರ್ಷವರ್ಷವೂ ಪಟ್ಟಿ ಬದಲಾಗುವುದು ಅಲ್ಲಿ ರೂಢಿ. ಆದರೂ ಮೇಳ ಕೆಡುವುದಿಲ್ಲ. ಕಾರಣ, ಹೊಸ ಹುಡುಗ ನೇರವಾಗಿ ಅರ್ಜುನನಾಗಿ ಬರುವಂತಿರಲಿಲ್ಲ. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಪೂರ್ವರಂಗದ ಸ್ತ್ರೀವೇಷ, ಆಮೇಲೆ ಸಣ್ಣಪುಟ್ಟ ವೇಷಗಳು. ಹೀಗೆ ಮೆಟ್ಟಿಲು ಹತ್ತಬೇಕು. ಸಂಜೆ ಕೋಡಂಗಿಯಾಗಿ ಕುಣಿದ ಹುಡುಗ ಬೆಳಗಿನ ಜಾವದವರೆಗೆ ಹಿರಿಯರ ವೇಷಗಳನ್ನು ನೋಡುತ್ತ ಚೌಕಿಯಲ್ಲಿ ಎಚ್ಚರವಾಗಿರುತ್ತಿದ್ದ. ಆ ಎಚ್ಚರವೇ ಪಾಠಶಾಲೆ. ಬಯಲುಸೀಮೆಯ ನಾಟಕದ ಕಂಪನಿಗಳಲ್ಲಿಯೂ ಬಾಲಪಾತ್ರದ ಹುಡುಗರು ಇದ್ದರು. ಲೋಹಿತಾಶ್ವನಾಗಿ ಬಂದವನು ಮುಂದೆ ಹರಿಶ್ಚಂದ್ರನಾಗುವ ದಾರಿ ತೆರೆದಿತ್ತು.

ಹೆಪ್ಪು ಹಾಕುವುದಕ್ಕೂ ಹದವಿದೆ. ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ. ತಣ್ಣಗಿದ್ದರೆ ಹೆಪ್ಪೇ ಹಿಡಿಯುವುದಿಲ್ಲ. ನಿನ್ನೆ ಸೇರಿದ ಹುಡುಗಿಗೆ ಇವತ್ತೇ ಇಡೀ ನಾಟಕದ ಭಾರ ಹೊರಿಸುವುದು ಕುದಿಹಾಲು. ನಾಲ್ಕು ವರ್ಷ ದುಡಿದವನಿಗೆ ಒಂದು ಒಳ್ಳೆಯ ಮಾತಿನ ಪಾತ್ರವನ್ನೂ ಕೊಡದೆ ದ್ವಾರಪಾಲಕನನ್ನಾಗಿಯೇ ನಿಲ್ಲಿಸುವುದು ತಣ್ಣನೆಯ ಹಾಲು. ಇನ್ನೊಂದು ಅಪಾಯವೂ ಇದೆ. ಹೆಪ್ಪು ಹೆಚ್ಚಾದರೆ ಮೊಸರು ಹುಳಿ. ಅರವತ್ತು ದಾಟಿದರೂ ಹದಿನಾರರ ಅಭಿಮನ್ಯುವಾಗಿ ಬಿಲ್ಲು ಹಿಡಿಯುವ ಹಟದವರನ್ನು ನಾವೆಲ್ಲ ನೋಡಿದ್ದೇವೆ. ಬಿಲ್ಲು ಎತ್ತುವಾಗ ಅವರಿಗೆ ಆಗುವ ಸೊಂಟನೋವು ಮುಂದಿನ ಸಾಲಿನವರಿಗೆ ಕಾಣಿಸುತ್ತದೆ, ಅವರಿಗೆ ಮಾತ್ರ ಕಾಣಿಸುವುದಿಲ್ಲ. ಹಳಬರು ಇರಬೇಕು, ಆದರೆ ಹೆಪ್ಪಿನ ಪ್ರಮಾಣದಲ್ಲಿ ಇರಬೇಕು. ಗಡಿಗೆ ಪೂರ್ತಿ ತಾವೇ ತುಂಬಿಕೊಂಡರೆ ಹೊಸ ಹಾಲಿಗೆ ಜಾಗವೆಲ್ಲಿ?

ಒಬ್ಬರ ಮೇಲೆಯೇ ನಿಂತ ತಂಡವೂ ಹೆಪ್ಪು ಹಾಕಿದರೆ ಉಳಿಯುತ್ತದೆ ಎಂಬುದಕ್ಕೆ ಕನ್ನಡದಲ್ಲಿಯೇ ಸಾಕ್ಷಿಯಿದೆ. ಮಕ್ಮಲ್ ಟೋಪಿ, ದೇವದಾಸಿ ಮುಂತಾದ ನಾಟಕಗಳನ್ನು ಆಡಿದ ಕೆ. ಹಿರಣ್ಣಯ್ಯನವರು 1953ರಲ್ಲಿ ತೀರಿಕೊಂಡರು. ಅವರ ಮಾತಿನ ಚುರುಕೇ ಅವರ ಮಂಡಳಿಯ ಬಂಡವಾಳ. ಅವರೇ ಹೋದ ಮೇಲೆ ಕಥೆ ಮುಗಿಯಿತೆಂದು ಯಾರಾದರೂ ಹೇಳಬಹುದಾಗಿತ್ತು. ಇನ್ನೂ ಇಪ್ಪತ್ತು ತುಂಬದ ಮಗ ತಂದೆಯ ಮಂಡಳಿಯನ್ನು ಎತ್ತಿ ನಿಲ್ಲಿಸಿದರು. ಅವರೇ ಮಾಸ್ಟರ್ ಹಿರಣ್ಣಯ್ಯ. ತಂದೆಯ ನಾಟಕಗಳನ್ನು ಆಡಿದರು, ಜೊತೆಗೆ ಲಂಚಾವತಾರ ಎಂಬ ತಮ್ಮದೇ ನಾಟಕವನ್ನು ಸಾವಿರಾರು ಪ್ರಯೋಗಗಳ ಮಟ್ಟಕ್ಕೆ ಏರಿಸಿದರು. 2019ರಲ್ಲಿ ಅವರೂ ತೀರಿಕೊಂಡರು. ತಂದೆಯ ಹೆಪ್ಪಿನಲ್ಲಿ ಮಗನ ಹಾಲು ಸೇರಿ ಆದ ಮೊಸರು ತಂದೆಯದೇ ಅಲ್ಲ, ಬೇರೆಯದೂ ಅಲ್ಲ.

ಇಲ್ಲಿ ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಹೆಪ್ಪು ಯಾವಾಗಲೂ ತನ್ನ ಗಡಿಗೆಯಲ್ಲಿಯೇ ಉಳಿಯಬೇಕೆಂದಿಲ್ಲ. ಗುಬ್ಬಿ ವೀರಣ್ಣನವರು 1972ರಲ್ಲಿ ಕಾಲವಾದರು. ಆನೆ ಕುದುರೆಗಳನ್ನು ರಂಗಕ್ಕೆ ತಂದ ಆ ವೈಭವದ ಕಂಪನಿ ಇಂದು ಊರಿಂದ ಊರಿಗೆ ಕ್ಯಾಂಪು ಹೋಗುವುದಿಲ್ಲ. ಹಾಗಾದರೆ ಗುಬ್ಬಿಯ ಕಥೆ ಮುಗಿಯಿತೆ? ಮನೆಬಿಟ್ಟು ಬಂದು ಆ ಕಂಪನಿ ಸೇರಿದ್ದ ಒಬ್ಬ ಹುಡುಗನನ್ನು ವೀರಣ್ಣನವರು ಕಾಶಿಯ ವಿಶ್ವವಿದ್ಯಾಲಯಕ್ಕೆ ಓದಲು ಕಳುಹಿಸಿದ್ದರು. ಆ ಹುಡುಗನೇ ಬಿ. ವಿ. ಕಾರಂತರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾದಾಗ ಅದನ್ನು ಕಟ್ಟಿದ ಕೈ ಅವರದು. ಕಾರಂತರ ನಾಟಕಗಳಲ್ಲಿ ಸಂಗೀತ ಎಷ್ಟು ಮುಖ್ಯವಾಗಿತ್ತು ಎಂಬುದನ್ನು ನೋಡಿದವರು ಬಲ್ಲರು. ಆ ಕಿವಿ ಕಂಪನಿಯಲ್ಲಿ ತಯಾರಾದ ಕಿವಿ. ಇನ್ನೊಂದು ಕಡೆ, ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ 1976ರಲ್ಲಿ ಸ್ಪಂದನ ಎಂಬ ತಂಡವನ್ನು ಕಟ್ಟಿ, ಕಂಪನಿಯ ಕಂಠವನ್ನು ಹೊಸ ನಾಟಕಗಳಿಗೆ ತಂದರು. ಗಡಿಗೆ ಒಡೆಯಿತು, ಹೆಪ್ಪು ಎರಡು ಮೂರು ಮನೆಗಳಿಗೆ ಹಂಚಿಹೋಯಿತು.

ಇದರ ತಿರುಗುಮುರುಗೂ ಸಾಧ್ಯ. ಗಡಿಗೆ ಥಳಥಳಿಸುತ್ತಿದೆ, ಬೋರ್ಡಿಗೆ ಹೊಸ ಬಣ್ಣ ಬಂದಿದೆ, ಒಳಗೆ ಹೆಪ್ಪಿಲ್ಲ. ಇಂದು ನಾನು ಹೆದರುವುದು ಇದಕ್ಕೆ.

ಈಗಿನ ಜಾತ್ರೆಯ ಕ್ಯಾಂಪುಗಳನ್ನು ನೋಡಿ. ಟೆಲಿವಿಷನ್ನಿನಲ್ಲಿ ಹೆಸರಾದ ಹಾಸ್ಯನಟರೊಬ್ಬರನ್ನು ನಾಲ್ಕು ದಿನಕ್ಕೆಂದು ಕರೆಸುತ್ತಾರೆ. ಗೋಡೆಯ ತುಂಬ ಅವರದೇ ಮುಖ. ಅವರು ಬರುತ್ತಾರೆ, ತಮ್ಮ ನಗೆಮಾತುಗಳನ್ನು ಆಡಿ ಚಪ್ಪಾಳೆ ಗಿಟ್ಟಿಸುತ್ತಾರೆ, ಸಂಭಾವನೆ ಪಡೆದು ಹೊರಡುತ್ತಾರೆ. ಅವರ ತಪ್ಪೇನೂ ಇಲ್ಲ; ಕರೆದದ್ದೇ ಅದಕ್ಕೆ. ಆದರೆ ಅವರು ಕಂಪನಿಯ ಪಂಕ್ತಿಯಲ್ಲಿ ಉಣ್ಣುವುದಿಲ್ಲ, ತಾಲೀಮಿನಲ್ಲಿ ಕೂರುವುದಿಲ್ಲ, ಅವರ ಪಕ್ಕದಲ್ಲಿ ನಿಂತು ಕಲಿಯುವ ಹುಡುಗನೂ ಇಲ್ಲ. ಹಳ್ಳಿಗಳ ನಾಟಕದ ಸ್ಥಿತಿಯೂ ಬೇರೆಯಲ್ಲ. ದಾವಣಗೆರೆ, ಹರಿಹರ ತಾಲ್ಲೂಕುಗಳ ಊರುಗಳಲ್ಲಿ ಹಬ್ಬಕ್ಕೆಂದು ಆಡುವ ನಾಟಕಕ್ಕೆ ಪರದೆ ಬಾಡಿಗೆಗೆ ಬರುತ್ತದೆ, ಹಾರ್ಮೋನಿಯಂ ಮಾಸ್ಟರು ಬರುತ್ತಾರೆ, ಸ್ತ್ರೀಪಾತ್ರಕ್ಕೆ ಕಲಾವಿದೆಯರು ಒಂದು ರಾತ್ರಿಯ ಮಟ್ಟಿಗೆ ಬರುತ್ತಾರೆ. ಆ ತಾಯಂದಿರ ಶ್ರಮಕ್ಕೆ ಕೈಮುಗಿಯಬೇಕು. ಇವತ್ತು ಒಂದೂರು, ನಾಳೆ ಇನ್ನೊಂದೂರು, ಎರಡೂ ಕಡೆ ಬೇರೆಬೇರೆ ನಾಟಕ, ಮಾತು ಮಾತ್ರ ತಪ್ಪುವುದಿಲ್ಲ. ಆದರೆ ಅವರ ಈ ವಿದ್ಯೆ ಯಾರಿಗೆ ಹೋಗುತ್ತಿದೆ? ಮುಂಜಾನೆಯ ಬಸ್ಸಿನಲ್ಲಿ ಅವರ ಜೊತೆಯಲ್ಲಿಯೇ ಮನೆಗೆ ಹೋಗುತ್ತಿದೆ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ದಾವಣಗೆರೆಯಿಂದ ಹರಿಹರ ಸುಮಾರು ಹದಿನಾಲ್ಕು ಕಿಲೋಮೀಟರು. ಅಲ್ಲಿನ ಹರಿಹರೇಶ್ವರನ ಗುಡಿಯನ್ನು ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1224ರ ಸುಮಾರಿನಲ್ಲಿ, ದಂಡನಾಯಕ ಪೋಲಾಳ್ವ ಕಟ್ಟಿಸಿದ. 1268ರಲ್ಲಿ ಸೋಮ ದಂಡನಾಯಕ ಅದಕ್ಕೆ ಮತ್ತಷ್ಟು ಸೇರಿಸಿದ. ಕಟ್ಟಿಸಿದ ರಾಜರು ಹೋದರು, ಕೆತ್ತಿದವರು ಹೋದರು, ಪೂಜಿಸಿದವರು ಎಷ್ಟು ತಲೆಮಾರು ಬದಲಾದರೋ! ಒಂದು ದಿನದ ಪೂಜೆ ಮಾತ್ರ ಮರುದಿನದವನ ಕೈಗೆ ದಾಟುತ್ತ ಬಂದಿತು. ಗುಡಿಯನ್ನು ಗುಡಿಯಾಗಿ ಉಳಿಸಿದ್ದು ಕಲ್ಲು ಒಂದೇ ಅಲ್ಲ. ಪೂಜೆ ಮಾಡುವವನ ಹಿಂದೆ ಗಂಟೆ ಹಿಡಿದು ನಿಂತ ಹುಡುಗ. ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ; ಎರಡು ಒಂದೇ ಮೈಯಲ್ಲಿ ಕೂಡಿ ನಿಂತಿ‌ವೆ. ಹಳತೂ ಹೊಸತೂ ಹಾಗೆ ಒಂದೇ ಮೈಯಾಗಿ ಸ್ವಲ್ಪ ಕಾಲವಾದರೂ ನಿಲ್ಲುವುದಾದರೆ ನಮಗೆ ಬೇರೇನು ಬೇಕು?

ಸರ್ಕಾರ ವೃತ್ತಿ ರಂಗಭೂಮಿಗೆಂದೇ ದಾವಣಗೆರೆಯಲ್ಲಿ ಒಂದು ರಂಗಾಯಣವನ್ನು ಸ್ಥಾಪಿಸಿದೆ. ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿಗಳ ರಂಗಾಯಣಗಳ ಸಾಲಿನಲ್ಲಿ ಇದಕ್ಕೆ ಬೇರೆಯೇ ಒಂದು ಹೊಣೆಯಿದೆ. ಹೊಸ ಕಟ್ಟಡ, ಹೊಸ ದೀಪ, ಉತ್ಸವ ಇವೆಲ್ಲ ಬೇಕು. ಆದರೆ ಮೊದಲು ಆಗಬೇಕಾದದ್ದು ಇನ್ನೂ ಸರಳ. ಕಾಲು ಪೆಟ್ಟಿಗೆಯ ಮೇಲೆ ರಂಗಗೀತೆ ಹಿಡಿಯಬಲ್ಲ ಮಾಸ್ಟರುಗಳು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಒಂದು ಉಸಿರಿನಲ್ಲಿ ಪುಟಗಟ್ಟಲೆ ಮಾತು ಹೇಳಿ ಕೊನೆಯ ಸಾಲಿನವನಿಗೆ ಮೈಕಿಲ್ಲದೆ ಮುಟ್ಟಿಸುವ ಹಿರಿಯ ನಟನಟಿಯರು ಇದ್ದಾರೆ. ಅವರನ್ನು ಶಾಲು ಹೊದಿಸಿ ಮನೆಗೆ ಕಳುಹಿಸುವ ಬದಲು, ಇಬ್ಬರು ಹುಡುಗರನ್ನೂ ಇಬ್ಬರು ಹುಡುಗಿಯರನ್ನೂ ಅವರ ಪಕ್ಕದಲ್ಲಿ ಒಂದು ವರ್ಷ ಕೂರಿಸಿದರೆ ಸಾಕು. ಧ್ವನಿಮುದ್ರಣ ಮಾಡಿಟ್ಟಿದ್ದೇವೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅದೂ ಒಳ್ಳೆಯದೇ. ಆದರೆ ಮೊಸರಿನ ಚಿತ್ರವನ್ನು ಹಾಲಿಗೆ ಹಾಕಿದರೆ ಹೆಪ್ಪು ಹಿಡಿಯುವುದಿಲ್ಲ.

ನಮ್ಮ ಶಾಲೆಗಳೂ ಒಂದು ಕೆಲಸ ಮಾಡಬಹುದು. ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡಿಗೆ ಕುಣಿಯುವ ಹತ್ತು ಕಾರ್ಯಕ್ರಮಗಳಲ್ಲಿ ಒಂದನ್ನು ಬಿಟ್ಟು, ಅರ್ಧ ಗಂಟೆಯ ಕಂಪನಿ ನಾಟಕದ ಒಂದು ಅಂಕವನ್ನು ಹಳೆಯ ಕಲಾವಿದರೊಬ್ಬರಿಂದ ಕಲಿಸಬಹುದು. ಡೆತ್ ಮೆಟಲ್ ಕೇಳುವ ಹುಡುಗ ಇದಕ್ಕೆ ಒಲ್ಲೆ ಎನ್ನುತ್ತಾನೆಂದು ಭಾವಿಸಬೇಡಿ. ತಂಡದಲ್ಲಿ ಯಾರು ಯಾವಾಗ ಬಂದರು, ಯಾರ ಜಾಗಕ್ಕೆ ಯಾರು ನಿಂತರು ಎಂಬುದನ್ನು ಇಸವಿ ಸಹಿತ ಬಾಯಿಪಾಠ ಮಾಡಿಕೊಂಡಿರುವವನು ಅವನು. ಪರಂಪರೆ ಎಂದರೇನೆಂಬುದು ಅವನಿಗೆ ನಮ್ಮಲ್ಲಿ ಹಲವರಿಗಿಂತ ಚೆನ್ನಾಗಿ ಗೊತ್ತು. ಅವನು ಅದಕ್ಕೆ ಲೈನ್‌ಅಪ್ ಎನ್ನುತ್ತಾನೆ, ಅಷ್ಟೇ.

ಕೊನೆಯದಾಗಿ ಪ್ರೇಕ್ಷಕರಿಗೆ ಒಂದು ಬಿನ್ನಹ. ಕಂಪನಿಗೆ ಹೆಪ್ಪು ಬೇಕಾದಂತೆ ಪ್ರೇಕ್ಷಕ ವರ್ಗಕ್ಕೂ ಬೇಕು. ಅಜ್ಜನ ಪಕ್ಕದಲ್ಲಿ ಕುಳಿತು ನೋಡಿದ ಮೊಮ್ಮಗನೇ ಮುಂದೆ ಟಿಕೇಟು ಕೊಳ್ಳುವವನು. ಮುಂದಿನ ದುಗ್ಗಮ್ಮನ ಜಾತ್ರೆಗೋ ಹರಿಹರದ ಊರಮ್ಮನ ಹಬ್ಬಕ್ಕೋ ಕಂಪನಿಗಳು ಬಂದಾಗ ಮನೆಯ ಮಕ್ಕಳಲ್ಲಿ ಒಬ್ಬರನ್ನಾದರೂ ಜೊತೆಯಲ್ಲಿ ಕರೆದುಕೊಂಡು ಹೋಗಿ. ಗೋಡೆಯ ಮೇಲಿನ ದೊಡ್ಡ ಮುಖವನ್ನು ನೋಡಿ, ಬೇಡವೆನ್ನುವುದಿಲ್ಲ. ಆದರೆ ಟಿಕೇಟು ಕೊಳ್ಳುವಾಗ ಕಿಟಕಿಯ ಆಚೆ ಕುಳಿತ ಮ್ಯಾನೇಜರನ್ನು ಒಂದು ಮಾತು ಕೇಳಿ: "ಈ ವರ್ಷ ನಿಮ್ಮಲ್ಲಿ ಕಲಿಯುವ ಹುಡುಗರು ಎಷ್ಟು ಜನ ಇದ್ದಾರೆ ಸ್ವಾಮಿ?" ನೂರು ಜನ ಹೀಗೆ ಕೇಳಿದರೆ ನೂರೊಂದನೆಯವರು ಕೇಳುವ ಹೊತ್ತಿಗೆ ಉತ್ತರ ಸಿದ್ಧವಾಗಿರುತ್ತದೆ.